ಕತ್ತು ತಿರುಗಿಸಿದ ಕ್ಯಾಮೆರಾ

ಮದ್ದೂರು ಕಡೆಯ ಕೊಪ್ಪದ ರಸ್ತೆಯಲ್ಲಿ ಇನ್ನೂ ಮಂಜು ಬಿಟ್ಟಿಲ್ಲ. ಕಬ್ಬು ತುಂಬಿಕೊಂಡು ಹೋದ ಟ್ರ್ಯಾಕ್ಟರೊಂದು ಮೇಲಿನ ಕೇಬಲ್ಲನ್ನು ಎಳೆದುಕೊಂಡು ಹೋಗಿದೆ. ಒಂದು ತುದಿ ಕಂಬದಲ್ಲಿ ನೇತಾಡುತ್ತಿದೆ, ಇನ್ನೊಂದು ತುದಿ ಗದ್ದೆಯ ಬದುವಿನ ಮೇಲೆ ಬಿದ್ದಿದೆ. ಶಶಿರೇಖಾ ಸ್ಕೂಟರಿನ ಸೀಟಿನ ಮೇಲೆ ಹಳೆಯ ಟವೆಲ್ ಹಾಸಿ, ಅದರ ಮೇಲೆ ಎಳೆ ಬೆಸೆಯುವ ಮೆಷಿನ್ನು ಇಟ್ಟುಕೊಂಡಿದ್ದಾರೆ. ಕೇಬಲ್ಲಿನ ಕಪ್ಪು ಸಿಪ್ಪೆ ಸುಲಿದರೆ ಒಳಗೆ ಬಣ್ಣಬಣ್ಣದ ಎಳೆಗಳು, ಒಂದೊಂದು ಎಳೆಯೊಳಗೂ ತಲೆಗೂದಲಿನಷ್ಟು ಸಣ್ಣ ಗಾಜು. ಆ ಗಾಜನ್ನು ಒರೆಸಿ, ತುದಿಯನ್ನು ಸಮನಾಗಿ ಕತ್ತರಿಸಿ, ಎರಡು ತುದಿಗಳನ್ನು ಮೆಷಿನ್ನಿನೊಳಗೆ ಎದುರುಬದುರು ಮಲಗಿಸಿ ಮುಚ್ಚಳ ಮುಚ್ಚುತ್ತಾರೆ. ಸಣ್ಣದೊಂದು ಕಿಡಿ ಹಾರಿ ಎಳೆ ಕೂಡಿಕೊಳ್ಳುತ್ತದೆ.

ಅಷ್ಟರಲ್ಲಿ ಹಿಂದಿನಿಂದ ಬೈಕಿನ ಸದ್ದು. ಶಶಿರೇಖಾ ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಸರಕ್ಕನೆ ತಿರುಗುತ್ತಾರೆ. ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೊರಟ ಯಾರೋ ರೈತ. ಆತ ದಾಟಿ, ತಿರುವಿನಲ್ಲಿ ಮರೆಯಾಗುವವರೆಗೂ ಅವರು ಆ ಕಡೆಯೇ ನೋಡುತ್ತಾರೆ. ಆಮೇಲೆ ಮತ್ತೆ ಎಳೆಯತ್ತ ಬಗ್ಗುತ್ತಾರೆ. ಇನ್ನೊಂದು ಗಾಡಿ ಬಂದರೂ ಇದೇ ಕಥೆ. ಅವರು ನಿಲ್ಲುವ ರೀತಿಯನ್ನೇ ಗಮನಿಸಿ ನೋಡಿ: ಬೆನ್ನು ಸದಾ ಕಂಬಕ್ಕೆ, ಮುಖ ಸದಾ ರಸ್ತೆಗೆ.

"ಎದ್ರಿಕೆ ಇಲ್ಲ ಅಂದ್ರೆ ಸುಳ್ಳಾಯ್ತದೆ. ಹಿಂದ್ಗಡೆ ಗಾಡಿ ಸದ್ದು ಕೇಳುದ್ರೆ ಕೈ ನಿಂತೋಯ್ತದೆ" ಎನ್ನುತ್ತಾರೆ.

ಬೆಸಗರಹಳ್ಳಿಯ ಶಶಿರೇಖಾ ಮನೆಮನೆಗೆ ಇಂಟರ್‌ನೆಟ್ ಎಳೆಯುವ ಒಂದು ಖಾಸಗಿ ಕಂಪನಿಯಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಾರೆ. ವಯಸ್ಸು ನಲವತ್ತರ ಆಸುಪಾಸು. ಕೊಪ್ಪ, ಬೆಸಗರಹಳ್ಳಿ, ಮದ್ದೂರು, ಅಲ್ಲಿಂದಾಚೆ ಮಳವಳ್ಳಿ ರಸ್ತೆಯ ಊರುಗಳೆಲ್ಲ ಅವರ ಪಾಲಿಗೆ ಬಂದಿವೆ. ದಿನಕ್ಕೆ ಹತ್ತು ಹನ್ನೆರಡು ಮನೆ ಸುತ್ತುವುದು ಮಾಮೂಲು. ಕಬ್ಬು ಕಡಿಯುವ ಕಾಲದಲ್ಲಿ ಕಂಬಗಳ ಕೆಲಸವೇ ಹೆಚ್ಚು. ಗಂಡ ಮಹದೇವು ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಹುಳುಗಳಿಗೆ ಸೊಪ್ಪು ಹಾಕಿ, ಮುದ್ದೆಗೆ ಹಿಟ್ಟು ತೊಳಸಿಟ್ಟು, ಹೆಂಡತಿ ತಡವಾದರೆ ಫೋನು ಮಾಡಿ ಎಲ್ಲಿದ್ದೀಯ ಎಂದು ಕೇಳುವುದು ಅವರ ದಿನಚರಿ. ಈಗೀಗ ಆ ಫೋನು ಹೆಚ್ಚಾಗಿದೆ.

ಅಪ್ಪ ಮರಿಸಿದ್ದಯ್ಯ ಕೂಲಿ ಮಾಡಿ ಮಗಳನ್ನು ಐಟಿಐಗೆ ಸೇರಿಸಿದವರು. ಹೊಲಿಗೆ ಕಲಿಸು ಎಂದು ಬುದ್ಧಿ ಹೇಳಿದವರಿಗೆಲ್ಲ, ಅವಳಿಗೆ ಕರೆಂಟಿನ ಕೆಲಸ ಇಷ್ಟ ಎಂದಷ್ಟೇ ಉತ್ತರ ಕೊಟ್ಟಿದ್ದರಂತೆ. ಕಲಿತು ಬಂದ ಮೇಲೆ ಮದ್ದೂರಿನ ಕೇಬಲ್ ಆಫೀಸೊಂದರಲ್ಲಿ ದೂರಿನ ಫೋನು ಎತ್ತುವ ಕೆಲಸ ಸಿಕ್ಕಿತು. ಹಗಲು ಹೊತ್ತು ಹೆಂಗಸರಷ್ಟೇ ಇರುವ ಮನೆಗಳಲ್ಲಿ ಗಂಡು ಹುಡುಗರು ಹೋದರೆ ಬಾಗಿಲು ತೆಗೆಯುತ್ತಿರಲಿಲ್ಲ. ಅಂಥ ಮನೆಗಳಿಗೆ ನೀನೇ ಹೋಗಿ ಬಾ ಎಂದರು. ಹೋದವರು ಮತ್ತೆ ಆಫೀಸಿನ ಕುರ್ಚಿಯಲ್ಲಿ ಕೂರಲಿಲ್ಲ.

ಎಲ್ಲ ಬಾಗಿಲೂ ಒಂದೇ ಥರ ತೆರೆಯುವುದಿಲ್ಲ. ಕೇರಿಯ ಹೆಂಗಸು ಎಂದು ಗೊತ್ತಾದೊಡನೆ ಕೆಲವು ಮನೆಗಳವರು ಜಗಲಿಯಲ್ಲೇ ನಿಲ್ಲಿಸಿ, ಅಲ್ಲಿಂದಲೇ ಸರಿ ಮಾಡು ಎನ್ನುತ್ತಾರೆ. ವೈಫೈ ಬಾಕ್ಸು ಇರುವುದು ನಡುಮನೆಯಲ್ಲಿ. "ವೈರು ಒಳೀಕೆ ಬಂದಾಗ ಯಾವ್ ಜಾತಿ ಅಂತ ಯಾರೂ ಕೇಳ್ನಿಲ್ಲ. ಅದನ್ನ ರಿಪೇರಿ ಮಾಡಕೆ ಬಂದವ್ಳನ್ನ ಕೇಳ್ತಾರೆ" ಎಂದು ಹೇಳುವಾಗ ಅವರ ದನಿಯಲ್ಲಿ ಸಿಟ್ಟಿಗಿಂತ ಬೇಸರ ಹೆಚ್ಚು.

ಅವರು ಬೆನ್ನು ಕಾಯ್ದುಕೊಂಡು ಕೆಲಸ ಮಾಡುವ ಹಾಗೆ ಆದದ್ದು ಕಳೆದ ವರ್ಷ, ಹೀಗೇ ಕಬ್ಬು ಕಡಿಯುವ ಕಾಲದಲ್ಲಿ. ಕೊಪ್ಪದ ಕಡೆಯ ಒಂದು ಊರಿನಲ್ಲಿ ನಡೆದದ್ದು ಇದು. ಆ ಮನೆಯವರು ಕೇಳಿಕೊಂಡಿರುವುದರಿಂದ ಊರಿನ ಹೆಸರು ಇಲ್ಲಿಲ್ಲ, ಮನೆಯವರ ಹೆಸರುಗಳನ್ನೂ ಬದಲಿಸಲಾಗಿದೆ.

ಗಂಡ ಶಿವರಾಜು, ಹೆಂಡತಿ ಗಗನ, ಶಿವರಾಜುವಿನ ತಾಯಿ ಇಂದ್ರಮ್ಮ, ತೊಟ್ಟಿಲಲ್ಲೊಂದು ಕೂಸು. ಶಿವರಾಜು ಮದ್ದೂರಿನ ಹತ್ತಿರದ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. ಊಟದ ಬಿಡುವಿನಲ್ಲಿ ಮಗುವಿನ ಮುಖ ನೋಡಬೇಕು ಎಂಬ ಆಸೆಗೆ ನಡುಮನೆಯ ಗೂಡಿನಲ್ಲಿ, ದೇವರ ಪಟಗಳ ಪಕ್ಕ, ಒಂದು ಸಣ್ಣ ಕ್ಯಾಮೆರಾ ಇಡಿಸಿದ್ದರು. ಬಸ್ ಸ್ಟ್ಯಾಂಡಿನ ಮೊಬೈಲ್ ಅಂಗಡಿಯವನೇ ಬಂದು ಕೂರಿಸಿಕೊಟ್ಟಿದ್ದ. ಪರಿಚಯದವನು, ಅಣ್ಣಾ ಎಂದು ಬಾಯ್ತುಂಬ ಕರೆಯುವವನು.

ಕ್ಯಾಮೆರಾದ ಚಿತ್ರ ನಿಂತು ನಿಂತು ಬರುತ್ತಿದೆ ಎಂದು ಶಿವರಾಜು ದೂರು ಕೊಟ್ಟಿದ್ದರು. ಮಾರನೆಯ ದಿನ ಮಧ್ಯಾಹ್ನ ಇಳಿಹೊತ್ತಿಗೆ ಶಶಿರೇಖಾ ಆ ಮನೆಯ ಬಾಗಿಲು ತಟ್ಟಿದರು. ಒಳಗಿನಿಂದ ಯಾರು ಎಂಬ ದನಿ ಬಂತು. ಹೆಸರು ಹೇಳಿದರೂ ಮತ್ತೆ ಯಾರು ಎಂದಿತು. ಕಂಪನಿಯ ಗುರುತಿನ ಚೀಟಿಯನ್ನು ಬಾಗಿಲ ಸಂದಿಗೆ ಹಿಡಿದ ಮೇಲೆ ಅಗುಳಿ ಸರಿಯಿತು.

ಒಳಗೆ ಹಗಲಲ್ಲೇ ಕತ್ತಲು. ಕಿಟಕಿಗಳಿಗೆಲ್ಲ ಗೋಣಿಚೀಲ ಕಟ್ಟಿದ್ದರು, ಬೆಳಕಿಂಡಿಗೂ ಹಳೆಯ ಬಟ್ಟೆ ತುರುಕಿದ್ದರು. ಆ ಸೆಕೆಯಲ್ಲಿ ಗಗನ ಸ್ವೆಟರು ತೊಟ್ಟು, ಅದರ ಮೇಲೆ ಸೆರಗು ಬಿಗಿದು, ಮಗುವನ್ನು ಅವಚಿಕೊಂಡು ಗೋಡೆಗೆ ಒರಗಿ ನಿಂತಿದ್ದರು. ತೋಳಿನಲ್ಲಿ ಹೊಸದೊಂದು ತಾಯಿತ. ಜ್ವರವಿರಬೇಕು ಎಂದುಕೊಂಡ ಶಶಿರೇಖಾ, ಹೆಚ್ಚು ಮಾತಾಡಿಸದೆ ವೈಫೈ ಬಾಕ್ಸಿನ ಮುಂದೆ ಕುಳಿತರು. ವೈರು ಎಲ್ಲಿಂದ ಬಂದಿದೆ ನೋಡೋಣ ಎಂದು ಎದ್ದು ಅಡುಗೆಮನೆಯ ಕಡೆ ನಾಲ್ಕು ಹೆಜ್ಜೆ ಹಾಕಿದರು. ಹಿಂದೆ ಸಣ್ಣಗೆ ಗರ್ ಎಂಬ ಸದ್ದು.

ತಿರುಗಿ ನೋಡಿದರೆ ಗೂಡಿನಲ್ಲಿದ್ದ ಕ್ಯಾಮೆರಾ ಕತ್ತು ತಿರುಗಿಸಿ ಇವರನ್ನೇ ನೋಡುತ್ತಿತ್ತು.

ಅದರಲ್ಲಿ ವಿಚಿತ್ರವೇನೂ ಇರಲಿಲ್ಲ. ಅಂಥ ಕ್ಯಾಮೆರಾಗಳು ಫೋನಿನಲ್ಲಿ ಬೆರಳು ಸರಿಸಿದ ಕಡೆ ತಿರುಗುತ್ತವೆ. ನಿಮ್ಮ ಯಜಮಾನರು ನೋಡುತ್ತಿದ್ದಾರೆ ಎಂದು ಶಶಿರೇಖಾ ನಕ್ಕು ಕೈ ಬೀಸಿದರು. ಗಗನ ನಗಲಿಲ್ಲ.

"ಡ್ಯೂಟಿಲಿ ಫೋನು ಗೇಟಲ್ಲೇ ಮಡಗ್ಬೇಕು ಅಕ್ಕ. ಊಟದೊತ್ತು ಬುಟ್ರೆ ಅವ್ರ ಕೈಗೆ ಫೋನೇ ಸಿಕ್ಕಕಿಲ್ಲ" ಎಂದರು.

ಊಟದ ಹೊತ್ತು ಮುಗಿದು ಎಷ್ಟೋ ಆಗಿತ್ತು.

ಬೀಸಿದ ಕೈಯನ್ನು ಹೇಗೆ ಇಳಿಸಿದೆನೋ ಗೊತ್ತಿಲ್ಲ ಎನ್ನುತ್ತಾರೆ ಶಶಿರೇಖಾ. ಆ ಕ್ಯಾಮೆರಾಗೆ ಕಿವಿಯೂ ಇರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆದ್ದರಿಂದ ಅಲ್ಲಿ ಏನೂ ಆಡಲಿಲ್ಲ. ಹಿತ್ತಲಲ್ಲಿ ವೈರು ನೋಡಬೇಕು ಬನ್ನಿ ಎಂದು ಸಹಜವಾಗಿ ಹೇಳಿ, ಗಗನರನ್ನು ಹುಲ್ಲಿನ ಮೆದೆಯ ಮರೆಗೆ ಕರೆದುಕೊಂಡು ಹೋದರು. ಏನಾಗಿದೆ ಎಂದು ಅಲ್ಲಿ ಕೇಳಿದರು.

ಗಗನ ಮೊದಲು ಏನೂ ಇಲ್ಲ ಎಂದರು. ಮಗುವಿನ ತಲೆ ಸವರಿದರು. ಆಮೇಲೆ ಸೊಂಟದಿಂದ ಫೋನು ತೆಗೆದು ಕೊಟ್ಟರು. ಗೊತ್ತಿಲ್ಲದ ನಂಬರುಗಳಿಂದ ಬಂದ ಮೆಸೇಜುಗಳು ಅದರಲ್ಲಿದ್ದವು. ಹಸಿರು ಸೀರೆ ಒಪ್ಪುತ್ತದೆ ಎಂದು ಒಂದು. ಮಗುವಿಗೆ ಹಾಲು ಕುಡಿಸುವಾಗ ಆ ಕಡೆ ಯಾಕೆ ತಿರುಗುತ್ತೀಯ ಎಂದು ಇನ್ನೊಂದು. ಅತ್ತೆ ಗದ್ದೆಗೆ ಹೋದಳು, ಈಗ ನೀನೊಬ್ಬಳೇ, ಎಂದು ಮತ್ತೊಂದು. ವಾರಗಳಿಂದ ಬರುತ್ತಿದ್ದವು. ಗಂಡ ನೋಡಿದರೆ ಏನೆಂದುಕೊಂಡಾರು ಎಂದು ಎಷ್ಟನ್ನೋ ಅಳಿಸಿದ್ದರು. ಕದ್ದು ನೋಡುತ್ತಿರುವವರು ಯಾರೋ ತೆಂಗಿನ ಮರದಲ್ಲಿದ್ದಾರೆ, ಹೆಂಚಿನ ಸಂದಿಯಲ್ಲಿದ್ದಾರೆ ಎಂದು ಕಿಟಕಿ ಮುಚ್ಚಿದರು, ಹೆಂಚು ಎಣಿಸಿದರು, ಹಗಲು ಸ್ನಾನ ಬಿಟ್ಟರು. ಕಿಟಕಿ ಮುಚ್ಚಿದ ದಿನ ಬಂದ ಮೆಸೇಜು: ಕತ್ತಲಲ್ಲೂ ಕಾಣುತ್ತೀಯ. ಸೊಸೆಗೆ ಗಾಳಿ ಸೋಕಿದೆ ಎಂದು ಇಂದ್ರಮ್ಮ ತಾಯಿತ ಕಟ್ಟಿಸಿ ತಂದದ್ದು ಆಮೇಲೆ.

ಅದೆಲ್ಲ ಹೇಳಿ ಮುಗಿಸಿದ ಗಗನ ಹಿತ್ತಲ ಬಾವಿಯ ಕಡೆ ನೋಡುತ್ತ ನಿಂತರು. "ಈ ಮನೇಲಿ ಕಣ್ಣಿಲ್ದೆ ಇರೋ ಜಾಗ ಅಂದ್ರೆ ಅದೊಂದೇ ಅಕ್ಕ" ಎಂದರು.

ಶಶಿರೇಖಾ ಆ ಮಾತನ್ನು ಇವತ್ತಿಗೂ ಎರಡು ಸಲ ಹೇಳಲಾರರು. ಆ ಕ್ಷಣ ಅವರಿಗೆ ತಮ್ಮ ಚಿಂತೆಯೂ ಬಂದಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ದೊಡ್ಡ ಹಿಡುವಳಿಯ ಮನೆ, ತಾವು ಕೇರಿಯವರು, ಕೆಲಸವೋ ಇವತ್ತಿದ್ದು ನಾಳೆ ಇಲ್ಲದ್ದು. ಗಂಡಹೆಂಡಿರ ನಡುವೆ ತಲೆ ಹಾಕಿದೆ ಎಂದು ಯಾರಾದರೂ ಕಂಪನಿಗೆ ಒಂದು ಮಾತು ಹೇಳಿದರೆ ಮುಗಿಯಿತು. ಆದರೆ ಬಾವಿ ಅಲ್ಲೇ ಇತ್ತು, ಎಂಟು ಹತ್ತು ಹೆಜ್ಜೆಯಲ್ಲಿ.

ಕ್ಯಾಮೆರಾದ ವೈರು ಕಿತ್ತುಬಿಡುವುದು ಸುಲಭವಿತ್ತು. ಕಿತ್ತರೆ ನೋಡುತ್ತಿದ್ದವನಿಗೆ ಸುಳಿವು ಸಿಗುತ್ತದೆ, ಎಲ್ಲ ಅಳಿಸಿ ಕೈ ತೊಳೆದುಕೊಳ್ಳುತ್ತಾನೆ, ಗಗನರ ಮಾತನ್ನು ನಂಬುವವರು ಯಾರೂ ಇರುವುದಿಲ್ಲ. ಶಶಿರೇಖಾ ಬೀದಿಗೆ ಹೋದರು. ಕಂಬದ ಮೇಲಿನ ಪೆಟ್ಟಿಗೆ ತೆರೆದು, ಆ ಮನೆಗೆ ಹೋಗುವ ಒಂದೇ ಒಂದು ಎಳೆಯನ್ನು ಬಿಡಿಸಿದರು. ಉಳಿದ ಮನೆಗಳ ನೆಟ್ಟು ಹಾಗೇ ಇತ್ತು. ಕಬ್ಬಿನ ಕಾಲ, ದಿನಾ ಲೈನು ಹರಿಯುತ್ತದೆ, ಅನುಮಾನ ಬರುವುದಿಲ್ಲ. ಇನ್ನು ಒಂದು ಮೆಸೇಜನ್ನೂ ಅಳಿಸಬೇಡಿ ಎಂದು ಗಗನರಿಗೆ ಹೇಳಿ, ಮಿಕ್ಕ ಮನೆಗಳ ಕೆಲಸ ಬಿಟ್ಟು, ಜಗಲಿಯಲ್ಲಿ ಕುಳಿತರು.

ಇಂದ್ರಮ್ಮ ಗದ್ದೆಯಿಂದ ಬಂದರು. ಶಿವರಾಜು ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಶಶಿರೇಖಾರ ಫೋನು ರಿಂಗಾಯಿತು. ಮೊಬೈಲ್ ಅಂಗಡಿಯವನು. ಲೈನಿನ ಕೆಲಸದವರ ನಂಬರು ಅಂಥ ಅಂಗಡಿಗಳಲ್ಲೆಲ್ಲ ಇರುತ್ತದೆ.

"ಸಿವರಾಜಣ್ಣನ ಮನೆ ನೆಟ್ ಓಗಿದ್ಯಂತಲ್ಲ ಅಕ್ಕ, ಯಾವಾಗ ಸರಿಯಾಯ್ತದೆ?"

ಯಾರು ಹೇಳಿದರು ಎಂದು ಶಶಿರೇಖಾ ಕೇಳಿದರು. ಅವರ ಮನೆಯವರೇ ಫೋನು ಮಾಡಿದ್ದರು ಎಂದ. ಎದುರಿಗೆ ನಿಂತಿದ್ದ ಗಗನ ಇಲ್ಲವೆಂದು ತಲೆಯಾಡಿಸಿದರು. ಇಂದ್ರಮ್ಮನಿಗೆ ಫೋನು ಮಾಡಲೇ ಬರುವುದಿಲ್ಲ. ಶಿವರಾಜುವಿನ ಫೋನು ಇನ್ನೂ ಫ್ಯಾಕ್ಟರಿಯ ಗೇಟಿನಲ್ಲೇ. ನೆಟ್ಟು ಹೋದದ್ದು ಆ ಜಗಲಿಯಲ್ಲಿದ್ದ ಮೂವರಿಗೆ ಬಿಟ್ಟರೆ ತಿಳಿಯಲು ಸಾಧ್ಯವಿದ್ದದ್ದು ಒಬ್ಬನಿಗೆ, ಕ್ಯಾಮೆರಾದಲ್ಲಿ ನೋಡುತ್ತಿದ್ದವನಿಗೆ.

ತಾನು ಎಡವಿದೆ ಎಂದು ಅವನಿಗೂ ಹೊಳೆದಿರಬೇಕು. ಆಮೇಲೆ ಮೊದಲಿನಷ್ಟೇ ಸಲಿಗೆಯ ದನಿಯಲ್ಲಿ, "ದಿನಾ ನಾಲೆ ಏರಿ ಮೇಲೆ ಒಬ್ರೇ ಓಯ್ತೀರಲ್ಲ ಅಕ್ಕ, ನೋಡ್ಕಂಡೋಗಿ" ಎಂದು ಹೇಳಿ ಫೋನು ಇಟ್ಟ.

ಶಿವರಾಜು ಬಂದಾಗ ದೀಪ ಹಚ್ಚುವ ಹೊತ್ತು. ಮೂವರು ಹೆಂಗಸರು ಜಗಲಿಯಲ್ಲಿ ಕುಳಿತಿರುವುದನ್ನು ಕಂಡು ಮಗುವಿಗೆ ಏನಾಯಿತು ಎಂದು ಗಾಬರಿಯಾದರು. ಶಶಿರೇಖಾ ಮೊದಲಿನಿಂದ ಹೇಳಿದರು. ಮೆಸೇಜುಗಳನ್ನು ಓದುತ್ತ ಓದುತ್ತ ಅವರ ಮುಖ ಕಪ್ಪಿಟ್ಟಿತು. ಓದಿ ಮುಗಿಸಿ, ಹೆಂಡತಿಯ ಕಡೆ ನೋಡಿ ಕೇಳಿದ್ದು ಒಂದೇ ಮಾತು, ನಿನ್ನ ನಂಬರು ಅವನಿಗೆ ಹೇಗೆ ಸಿಕ್ಕಿತು?

ಗಗನರಿಗೆ ಇಷ್ಟು ದಿನ ಇದ್ದ ಭಯ ಈ ಪ್ರಶ್ನೆಯದೇ. ಉತ್ತರ ಬಂದದ್ದು ಇಂದ್ರಮ್ಮನಿಂದ. ಅಲ್ಲಿಯವರೆಗೆ ಅವರು ಕಂಬಕ್ಕೊರಗಿ, ಎಲೆಅಡಿಕೆಯನ್ನೂ ಅಗಿಯದೆ ಸುಮ್ಮನೆ ಕೇಳಿಸಿಕೊಂಡಿದ್ದರು.

"ನಾನು ಗದ್ದೆಯಿಂದ ಬಂದು ಸೀರೆ ಬದ್ಲಾಯ್ಸದು ಎಲ್ಲಿ? ಅದೇ ನಡುಮನೇಲಿ. ನನ್ನೂ ನೋಡವ್ನೆ ಕಣ್ಲಾ. ನನ್ನೂ ಕೇಳು ಹಂಗಾರೆ, ನಿನ್ ನಂಬರ್ ಹೆಂಗ್ ಸಿಕ್ತು ಅಂತ."

ಶಿವರಾಜು ಮೆಟ್ಟಿಲ ಮೇಲೆ ಕುಳಿತರು. ತಾಯಿ ಮಗನ ಕಡೆ ನೋಡಲಿಲ್ಲ, ಎದ್ದು ಒಳಗೆ ಹೋಗಿ ಕ್ಯಾಮೆರಾದ ಮೇಲೆ ಒಂದು ಕಂಚಿನ ಚೆಂಬು ಮಗುಚಿ ಬಂದರು. ಆಮೇಲೆ ಶಿವರಾಜು ತಮ್ಮ ಫೋನನ್ನು ತಾವಾಗಿಯೇ ಶಶಿರೇಖಾರ ಕೈಗೆ ಕೊಟ್ಟರು.

ಅವನು ಒಳಬಂದ ದಾರಿ ಅಲ್ಲೇ ಇತ್ತು. ಕ್ಯಾಮೆರಾ ನೋಡಲು ಬೇಕಾದ ಆಪನ್ನು ಅದನ್ನು ಮಾಡಿದ ಕಂಪನಿಯಿಂದ ತೆಗೆದುಕೊಂಡಿರಲಿಲ್ಲ. ಅದಕ್ಕೆ ತಿಂಗಳ ಬಾಡಿಗೆ ಕೇಳುತ್ತಾರೆ, ನನ್ನ ಹತ್ತಿರ ಇರುವುದು ಫ್ರೀ, ಎಂದು ಅಂಗಡಿಯವನು ಒಂದು ಲಿಂಕು ಕಳಿಸಿದ್ದ. ಒತ್ತಿದಾಗ ಫೋನು ಎಚ್ಚರಿಸಿತ್ತು, ಎಲ್ಲರಿಗೂ ಹಾಗೇ ಬರುತ್ತದೆ ಒತ್ತಣ್ಣ ಎಂದು ಅವನು ಒತ್ತಿಸಿದ್ದ. ಆ ಆಪು ಫೋನಿನಲ್ಲಿದ್ದ ಹೆಸರು ನಂಬರುಗಳನ್ನೆಲ್ಲ ಅವನಿಗೆ ದಾಟಿಸುತ್ತಿತ್ತು. ಕ್ಯಾಮೆರಾ ಇಡಲು ಬಂದ ದಿನ ವೈಫೈ ಪಾಸ್‌ವರ್ಡ್ ಕೇಳಿ ತಿಳಿದುಕೊಂಡಿದ್ದ. ಇನ್ನೊಂದು ಪಾಸ್‌ವರ್ಡ್ ಇತ್ತು. ಬಾಕ್ಸಿನ ಒಳಗಿನ ಸೆಟ್ಟಿಂಗು ತೆರೆಯುವಂಥದ್ದು. ಅದು ಬಾಕ್ಸಿನ ಜೊತೆ ಬಂದದ್ದು ಬಂದ ಹಾಗೇ ಇತ್ತು, ಆ ಜಾತಿಯ ಬಾಕ್ಸು ಕಂಡವರೆಲ್ಲರಿಗೂ ಗೊತ್ತಿರುವಂಥದ್ದು. ಅದರಿಂದ ಒಳಹೊಕ್ಕು, ಊರಾಚೆ ಕುಳಿತರೂ ಕಾಣುವ ಹಾಗೆ ಮಾಡಿಕೊಂಡಿದ್ದ. ನಂಬರು ಕೊಟ್ಟದ್ದು ಗಗನ ಅಲ್ಲ, ತಮ್ಮದೇ ಹೆಬ್ಬೆರಳು ಎಂದು ಶಿವರಾಜುವಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವರು ಎದ್ದು ಒಳಗೆ ಹೋದರು. ತೊಟ್ಟಿಲನ್ನು ನಡುಮನೆಯಿಂದ ಎತ್ತಿ ತಾಯಿಯ ಕೋಣೆಗೆ ತಂದಿಟ್ಟರು.

ಬೆಳಿಗ್ಗೆ ಎರಡು ಗಾಡಿಯಲ್ಲಿ ಮಂಡ್ಯಕ್ಕೆ ಹೋದರು. ಶಿವರಾಜುವಿನ ಬೈಕಿನಲ್ಲಿ ಗಗನ ಮತ್ತು ಮಗು, ಶಶಿರೇಖಾರ ಸ್ಕೂಟರಿನಲ್ಲಿ ಇಂದ್ರಮ್ಮ. ಸೈಬರ್ ಠಾಣೆಯಲ್ಲಿ ಮಹಿಳಾ ಅಧಿಕಾರಿಯೊಬ್ಬರು ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು, ಮೆಸೇಜು ಉಳಿಸಿದ್ದು ಒಳ್ಳೆಯದಾಯಿತು ಎಂದರು. ಕೆಲವು ದಿನಗಳಲ್ಲಿ ಅಂಗಡಿಯ ಕಂಪ್ಯೂಟರು ವಶವಾಯಿತು. ಅದರಲ್ಲಿದ್ದದ್ದು ಒಂದೇ ನಡುಮನೆಯಲ್ಲ. ಯಾವ್ಯಾವುದೋ ಊರಿನ ತೊಟ್ಟಿಲು, ಮಂಚ, ಹೆಂಗಸರು. ಮಳವಳ್ಳಿ ಕಡೆಯ ಮನೆಗಳೂ ಇದ್ದವು. ಅವುಗಳಲ್ಲಿ ಎಷ್ಟೋ ಮನೆಗಳಿಗೆ ಶಶಿರೇಖಾ ಹೋಗಿ ಬಂದಿದ್ದರು, ಅಲ್ಲಿ ಕೂತು ಮಜ್ಜಿಗೆ ಕುಡಿದಿದ್ದರು. ತಮ್ಮ ಬೆನ್ನೂ ಅದರಲ್ಲಿ ಎಲ್ಲೋ ಇದೆ ಎಂಬ ಯೋಚನೆ ಅವರನ್ನು ಈಗಲೂ ಬಿಟ್ಟಿಲ್ಲ.

ಅವನನ್ನು ಬಂಧಿಸಿದರು. ಜಾಮೀನೂ ಸಿಕ್ಕಿತು. ಅಂಗಡಿ ಮುಚ್ಚಿದೆ, ಅವನು ಊರಲ್ಲೇ ಇದ್ದಾನೆ. ಪ್ರಕರಣ ಕೋರ್ಟಿನಲ್ಲಿದೆ. ಶಶಿರೇಖಾರ ಫೋನಿಗೆ ಒಮ್ಮೊಮ್ಮೆ ಕರೆ ಬರುತ್ತದೆ, ಎತ್ತಿದರೆ ಆ ಕಡೆ ಉಸಿರಾಟ ಮಾತ್ರ. ಒಮ್ಮೆ ನಾಲೆ ಏರಿಯ ಮೇಲೆ ಒಂದು ಬೈಕು ಇವರ ಹಿಂದೆಯೇ ಬಂದು, ಇವರು ನಿಂತರೆ ನಿಂತು, ಹೊರಟರೆ ಹೊರಟು, ಶಿವಪುರದ ಹತ್ತಿರ ಜನ ಸಿಕ್ಕ ಮೇಲೆ ಹಿಂದಕ್ಕೆ ತಿರುಗಿತು. ಹೆಲ್ಮೆಟ್ಟಿನ ಒಳಗಿನ ಮುಖ ಕಾಣಲಿಲ್ಲ. ಅವನೇ ಎಂದು ಹೇಳಲು ಅವರ ಹತ್ತಿರ ಏನೂ ಇಲ್ಲ, ಅವನಲ್ಲ ಎನ್ನಲೂ ಇಲ್ಲ. ಪೊಲೀಸರಿಗೆ ತಿಳಿಸಿದ್ದಾರೆ. ಮಂಡ್ಯದ ಆಫೀಸಿನಲ್ಲಿ ಕೂರುವ ಕೆಲಸ ಕೊಡುತ್ತೇವೆ ಎಂದು ಕಂಪನಿ ಕರೆಯಿತು. ಮಹದೇವು ಒಪ್ಪಿಕೋ ಎಂದರು. ಶಶಿರೇಖಾ ಎರಡು ದಿನ ಯೋಚಿಸಿ ಬೇಡ ಎಂದರು.

"ನಾನು ನಿಂತ್ಕಂಡ್ರೆ ಆ ಮನೆಗೊಳ್ಗೆ ಯಾರ್ ಓಯ್ತಾರೆ? ಓದವ್ರ ಕೈಗೆ ಆ ಹೆಣ್ಮಕ್ಳು ಫೋನ್ ಕೊಟ್ಟು ತೋರುಸ್ತಾರಾ?"

ಕಂಬದ ಕೆಲಸ ಮುಗಿಸಿ ಅವರು ಈಗ ಬೆಸಗರಹಳ್ಳಿ ರಸ್ತೆಯ ಒಂದು ಮನೆಗೆ ಬಂದಿದ್ದಾರೆ. ಹೊಸ ಕನೆಕ್ಷನ್ನು. ನೆಟ್ಟು ಬಂದ ಮೇಲೂ ಅವರು ಏಳುವುದಿಲ್ಲ. ವೈಫೈ ಪಾಸ್‌ವರ್ಡನ್ನು ಮನೆಯವರ ಕೈಯಿಂದಲೇ ಹಾಕಿಸುತ್ತಾರೆ, ತಾವು ಮುಖ ತಿರುಗಿಸಿ ಕೂರುತ್ತಾರೆ. ಫೋನ್ ನಂಬರು, ಮಕ್ಕಳ ಹೆಸರು ಬೇಡ ಎನ್ನುತ್ತಾರೆ. ಬಾಕ್ಸಿನ ಒಳಗಿನ ಪಾಸ್‌ವರ್ಡನ್ನೂ ಬದಲಿಸುತ್ತಾರೆ, ಹೊರಗಿನಿಂದ ತೆರೆಯುವ ದಾರಿ ಮುಚ್ಚುತ್ತಾರೆ, ಬಾಕ್ಸಿನ ಸಾಫ್ಟ್‌ವೇರ್ ಹಳೆಯದಾಗಿದ್ದರೆ ಹೊಸದು ಹಾಕುತ್ತಾರೆ. ನೆಂಟರು ಬಂದರೆ ಕೊಡಲು ಬೇರೆ ಹೆಸರಿನ ವೈಫೈ ಮಾಡಿಡುತ್ತಾರೆ. ಮನೆಯ ಯಜಮಾನ ಅಂಕಯ್ಯ, ಇಷ್ಟೆಲ್ಲ ಯಾಕೆ, ನಮ್ಮ ಮನೆಯಲ್ಲಿ ಕದಿಯುವಂಥದ್ದು ಏನಿದೆ ಎಂದು ಗೊಣಗುತ್ತಾರೆ. ಫ್ರೀಯಾಗಿ ಸಿಕ್ಕಿದ್ದನ್ನೆಲ್ಲ ಫೋನಿಗೆ ಇಳಿಸಬಾರದು ಎಂದರೆ ಅದೂ ಬೇಡವೇ ಎನ್ನುತ್ತಾರೆ.

"ಫ್ರೀಯಾಗಿ ಒಳ್ಳೇವೂ ಬೇಕಾದಷ್ಟವೆ ಕಣಣ್ಣ" ಎಂದು ಶಶಿರೇಖಾ ಸಮಾಧಾನದಿಂದ ಹೇಳುತ್ತಾರೆ. "ಅದನ್ನ ಮಾಡ್ದವ್ರ ತಾವಿಂದ್ಲೇ ಈಸ್ಕಳಿ. ದಾರೀಲಿ ಹೋಗೋನು ಕಳ್ಸಿದ್ ಲಿಂಕ್‌ನಿಂದ ಬ್ಯಾಡ."

ಅಲ್ಲಿಂದ ಹೊರಡುವಾಗ ಆ ಮನೆಯ ಗೋಡೆಗಳ ಮೇಲೆ, ಗೂಡುಗಳಲ್ಲಿ ಒಮ್ಮೆ ಕಣ್ಣಾಡಿಸುತ್ತಾರೆ. ಅದು ಈಗ ಅಭ್ಯಾಸವಾಗಿದೆ. ಗಗನರಿಗೂ ಅದೇ ಅಭ್ಯಾಸ. ಅವರ ಮನೆಯ ಕಿಟಕಿಗಳು ತೆರೆದಿವೆ, ಕ್ಯಾಮೆರಾ ಪೊಲೀಸರ ಹತ್ತಿರ ಇದೆ. ಆದರೂ ನೆಂಟರ ಮನೆಗೆ ಹೋದರೆ ಗೋಡೆಯ ಮೇಲಿನ ಮೊಳೆಯ ತೂತನ್ನೂ ಬೆರಳಿಟ್ಟು ನೋಡುತ್ತಾರೆ. ಶಿವರಾಜು ಅದನ್ನು ಕಂಡು ಪಕ್ಕದಲ್ಲಿ ಬಂದು ನಿಂತುಕೊಳ್ಳುತ್ತಾರೆ. ನಾನು ಆವತ್ತು ಕೇಳಬಾರದ್ದನ್ನು ಕೇಳಿದೆ ಎಂದು ಅವರು ಹೆಂಡತಿಗೆ ಹೇಳಿದ್ದು ತಿಂಗಳುಗಳ ಮೇಲೆ, ಮಗು ಹೆಜ್ಜೆ ಇಟ್ಟ ದಿನ.

ಹೋದ ವಾರ ಶಶಿರೇಖಾರಿಗೆ ಕೋರ್ಟಿನಿಂದ ಸಮನ್ಸ್ ಬಂದಿದೆ. ಮೊದಲ ಸಾಕ್ಷಿ ಗಗನ, ಎರಡನೆಯವರು ಇವರು. ಅವನು ಎದುರಿಗೇ ನಿಂತಿರುತ್ತಾನೆ. ಅವನ ವಕೀಲರು ಏನೇನು ಕೇಳುತ್ತಾರೋ, ಕಂಬದ ಪೆಟ್ಟಿಗೆ ಬಿಚ್ಚಲು ನಿಮಗೆ ಯಾರು ಹೇಳಿದರು ಎಂದೂ ಕೇಳಬಹುದು ಎಂದು ಸರ್ಕಾರಿ ವಕೀಲರು ಮೊದಲೇ ಎಚ್ಚರಿಸಿದ್ದಾರೆ. ಆ ದಿನ ಗಗನ ಮತ್ತು ಇಂದ್ರಮ್ಮನ ಜೊತೆ ಒಂದೇ ಬಸ್ಸಿನಲ್ಲಿ ಹೋಗುವುದೆಂದು ಮಾತಾಗಿದೆ. ಬಾವಿಯ ಮಾತನ್ನೂ ಅಲ್ಲಿ ಹೇಳಬೇಕಾಗುತ್ತದೆ.

ಸ್ಕೂಟರು ಹತ್ತಿ, ಹಿಂದೆ ಮುಂದೆ ರಸ್ತೆ ನೋಡಿ, ಹೆಲ್ಮೆಟ್ ಬಿಗಿಯುತ್ತ ಅವರು ಹೇಳಿದ್ದು ಇಷ್ಟು:

"ಜಡ್ಜಿನ್ ಮುಂದೆ ನಿಂತು ಹೇಳ್ಬೇಕಂತೆ. ಈಗ್ಲೇ ಕೈಕಾಲ್ ತಣ್ಗಾಯ್ತವೆ. ಹೇಳ್ತೀನಿ."